ಎರಡು ಕರಿ ಕಂಬಳಿ

ಹಳೆಯ ಟ್ರಂಕು ತೆರೆದಾಗಲೆಲ್ಲ ಮೊದಲು ಬರುವುದು ಗಂಜಿಯ ವಾಸನೆ. ನೂಲಿಗೆ ಹಚ್ಚುವ ಆ ಹುಳಿ ಗಂಜಿಯ ಜೊತೆ ಕರಿ ಕಂಬಳಿಯ ಘಾಟು ಬೆರೆತು ಮೂಗಿಗೆ ತಾಗಿತೆಂದರೆ ಸಾಕು, ಬನಹಟ್ಟಿಯ ನಮ್ಮ ಮನೆ ತನ್ನಷ್ಟಕ್ಕೆ ಎದ್ದು ನಿಲ್ಲುತ್ತದೆ. ಪಡಸಾಲೆಯಲ್ಲಿ ಎರಡು ಕುಣಿಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಮುತ್ಯಾ, ಅಂದರೆ ನನ್ನ ಅಜ್ಜ. ಕುಣಿಯೊಳಗೆ ಕಾಲು ಇಳಿಬಿಟ್ಟು ಲಾಳಿ ಒಗೆಯುತ್ತಿದ್ದ ಅವನನ್ನು ನಾನು ಸೊಂಟದಿಂದ ಮೇಲಷ್ಟೇ ಕಂಡು ಬೆಳೆದೆ ಅಂದರೂ ನಡೆದೀತು. ಸಾರಿಗೆ ಉಪ್ಪು ಕಡಿಮೆಯಾದರೂ ಕೇಳದೆ ಉಣ್ಣುವ ಮನುಷ್ಯ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬೇಕು.

ಆಗ ನಮ್ಮದು ಮುಂಬಯಿ ರಾಜ್ಯ. ನನಗೆ ಎಂಟೋ ಒಂಬತ್ತೋ. ಒಂದು ಬೇಸಿಗೆ ಲೋಕಾಪುರದ ಸೋದರಮಾವ ಎರಡು ನಾಯಿ ಹಿಡಿದು ಬಂದ. ಒಂದು, ಪುಣೆಗೆ ವರ್ಗವಾದ ಸಾಹೇಬರೊಬ್ಬರು ಬಿಟ್ಟುಹೋದ ಬಿಳಿ ಜೂಲುನಾಯಿ. ಮುಖ ಯಾವುದು ಬಾಲ ಯಾವುದು ತಿಳಿಯದಷ್ಟು ಕೂದಲು. ಇನ್ನೊಂದು ಮುಧೋಳ ಸೀಮೆಯ ಬೇಟೆನಾಯಿ, ಪಶ್ಮಿ ಅನ್ನುವ ಜಾತಿ. ಬಾದಾಮಿ ಬಣ್ಣ, ಉದ್ದ ಕಾಲು, ಕಿವಿಗೂ ಬಾಲಕ್ಕೂ ರೇಷ್ಮೆಯ ಕುಚ್ಚು ಕಟ್ಟಿದ ಹಾಗೆ. "ಒಂದು ನಿಮಗ, ಒಂದು ನನಗ. ಮುಂದಿನ ವಾರ ಬರ್ತೇನಿ, ಯಾವ್ದು ಬೇಕು ಆರಿಸಿ ಇಡ್ರಿ" ಎಂದ. ನಾನು ಆಗಲೇ ಜೂಲುನಾಯಿಯನ್ನು ತಬ್ಬಿಕೊಂಡಿದ್ದೆ. ಪಶ್ಮಿ ಯಾರ ಗೊಡವೆಗೂ ಹೋಗದೆ ಮುತ್ಯಾನ ಕುಣಿಯ ಅಂಚಿಗೆ ಗದ್ದ ಊರಿ ಮಲಗಿತು. ಲಾಳಿ ನಿಂತಿತು. "ಸಣ್ಣಾಂವ ಇದ್ದಾಗ ಇಂಥಾವು ಓಡೂದು ನೋಡಾಕ ಎರಡು ಹರದಾರಿ ನಡೀತಿದ್ನಿ" ಎಂದ ಮುತ್ಯಾ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ನನ್ನ ಅಜ್ಜಿ, ನಾವು ಆಯಿ ಅನ್ನುತ್ತಿದ್ದೆವು, ಅವಳಿಗೆ ಎರಡೂ ಬೇಡ. ನೇಯುವವರ ಮನೆಯಲ್ಲಿ ಕೂದಲ ನಾಯಿ ಸಾಕಿದರೆ ಹಾಸಿನ ಎಳೆಗೆ ಕೂದಲು ಸೇರಿ ಸೀರೆ ಕೆಡುತ್ತದೆ. ನಾನು ಅತ್ತು ಕರೆದು ರಂಪ ಮಾಡಿದ ಮೇಲೆ ಅವಳೇ ಒಂದು ಪರೀಕ್ಷೆ ಹೂಡಿದಳು: ವಾರವಿಡೀ ದಿನಾ ಮಧ್ಯಾಹ್ನ ಎರಡು ಕರಿ ಕಂಬಳಿ ಹಾಸಿ ಎರಡನ್ನೂ ಮಲಗಿಸುವುದು, ಸಂಜೆ ಕೂದಲು ಎಣಿಸುವುದು. "ಯಾವ್ದು ಕಡಿಮಿ ಉದುರಸ್ತೈತಿ, ಅದು ಇರ್ಲಿ." ಗೆಲ್ಲುವುದು ಪಶ್ಮಿ ಎಂದು ಕುರುಡನಿಗೂ ಗೊತ್ತಿತ್ತು. ಬೆಳಕಿಂಡಿಯ ಬಿಸಿಲುಕೋಲಿನಲ್ಲಿ ಬಿಳಿ ಕೂದಲು ತೇಲುತ್ತಿದ್ದವು, ಮಗ್ಗದ ಸಪ್ಪಳಕ್ಕೆ ಮನೆಯೇ ತೂಕಡಿಸುತ್ತಿತ್ತು. ಆಯಿ ಕಣ್ಣು ಮುಚ್ಚಿದ್ದೇ ತಡ, ನಾನು ಜೂಲುನಾಯಿಯ ಕಂಬಳಿಯಿಂದ ಕೂದಲು ಹೆಕ್ಕಿ ಹಿತ್ತಲಿಗೆ ಚೆಲ್ಲಿ ಬರುತ್ತಿದ್ದೆ. ಅವಸರದಲ್ಲಿ ಎಷ್ಟೋ ಉಳಿಯುತ್ತಿದ್ದವು. ಆದರೂ ಸಂಜೆ ಆಯಿ ಆ ಕಂಬಳಿಯನ್ನು ಬೆಳಕಿಗೆ ಹಿಡಿದರೆ ಒಂದೋ ಎರಡೋ ಎಳೆ; ಪಶ್ಮಿಯದರಲ್ಲಿ ಏಳೆಂಟು. ದೇವರೇ ನನ್ನ ಕಡೆ ಇದ್ದಾನೆ ಅಂದುಕೊಂಡೆ.

ವಾರ ಕಳೆದು ಮಾವ ಪಶ್ಮಿಯನ್ನು ಕರೆದೊಯ್ದ. ಓಣಿಯ ತಿರುವಿನವರೆಗೂ ಅದು ತಿರುತಿರುಗಿ ನೋಡಿತು. ಮುತ್ಯಾ ತಲೆ ಎತ್ತದೆ ನೇಯುತ್ತಿದ್ದ. ಆಮೇಲೆ ತಿಂಗಳಿಗೊಮ್ಮೆ ಆ ಮಂಡಿನೋವಿನ ಮುದುಕ ಬಸ್ಸು ಹತ್ತಿ ಲೋಕಾಪುರಕ್ಕೆ ಹೊರಡತೊಡಗಿದ. ಕೇಳಿದರೆ, "ಬೀಗರನ್ನ ಮಾತಾಡ್ಸಿ ಬರ್ತೇನಿ" ಅನ್ನುವನು. ಹೆಗಲ ಮೇಲಿನ ವಸ್ತ್ರದ ತುದಿಗೆ ಎರಡು ಒಣ ಜೋಳದ ರೊಟ್ಟಿ ಕಟ್ಟಿರುತ್ತಿದ್ದ. ಹೋಳಿಗೆ ತುಪ್ಪ ಬಡಿಸುವ ಬೀಗರ ಮನೆಗೆ ಯಾರಾದರೂ ರೊಟ್ಟಿ ಕಟ್ಟಿಕೊಂಡು ಹೋಗುತ್ತಾರೆಯೇ! ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಮುತ್ಯಾ ತೀರಿಕೊಂಡ ವರ್ಷ ಆಯಿ ಈ ಕಂಬಳಿಗಳನ್ನು ಮಡಚಿಡುತ್ತ ಹೇಳಿದಳು: "ನೀ ಬಿಟ್ಟ ಕೂದಲೆಲ್ಲಾ ನಿಮ್ಮ ಮುತ್ಯಾನೇ ಆರಸ್ತಿದ್ರು ಯವ್ವಾ. ನಿಮಗ ಪಶ್ಮಿ ಬೇಕಾಗಿತ್ತಲ್ರಿ ಅಂದ್ನಿ. ಕೂಸು ಅಳತೈತಿ, ಸುಮ್ನಿರು ಅಂದ್ರು."

ನನಗೆ ಅಳು ತಡೆಯಲಾಗಲಿಲ್ಲ. ಆ ರೊಟ್ಟಿ ಯಾರಿಗೆ ಎಂದು ಆಗ ತಿಳಿಯಿತು. ಮಾವನನ್ನು ಕೇಳಿದೆ. ಬಸ್ಸಿನ ಸದ್ದು ಕೇಳಿದರೆ ಸಾಕು, ಪಶ್ಮಿ ರಸ್ತೆಗೆ ಓಡಿ ಬರುತ್ತಿತ್ತಂತೆ. ಮುತ್ಯಾ ಹೋದ ಮೇಲೂ ಬಹಳ ದಿನ ಹಾಗೇ ಓಡಿ ಬಂದು, ಇಳಿದವರ ವಸ್ತ್ರದ ತುದಿ ಮೂಸಿ ನೋಡುತ್ತಿತ್ತಂತೆ.