ಅವಳು ಪೇಡೆ ಕೇಳಿದ್ದು

ನಮ್ಮ ಕೇರಿಯಲ್ಲಿ ಹೊಸ ಕೆಫೆ ತೆರೆದಾಗ ಅಲ್ಲಿಗೇ ಹೋಗೋಣವೆಂದು ಹಟ ಹಿಡಿದವಳು ನಾನು. ಕಾರವಾರದ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ. ವರ್ಷಗಟ್ಟಲೆ ಬೀಗ ಹಾಕಿದ್ದ ಹಂಚಿನ ಮನೆಯೊಂದರ ಗೋಡೆ ಒಡೆದು, ಗಾಜು ಕೂರಿಸಿ, ಹಳದಿ ದೀಪ ತೂಗುಬಿಟ್ಟಿದ್ದರು. ಅಂಕೋಲೆಯಲ್ಲಿ ಕಾಲೇಜು ಓದುವಾಗಿನಿಂದ ನಾವು ಮೂವರು ಗೆಳತಿಯರು. ಒಬ್ಬಳು ಈಗ ಮಾಜಾಳಿಯಲ್ಲಿದ್ದಾಳೆ, ಇನ್ನೊಬ್ಬಳು ಕಿನ್ನರ ಎಂಬ ಹಳ್ಳಿಯಲ್ಲಿ. ಆಗೊಮ್ಮೆ ಈಗೊಮ್ಮೆ ನಮ್ಮ ಮನೆಯಲ್ಲಿ ಸೇರುವುದು ರೂಢಿ.

ಈ ಸಲವೂ ಮನೆಯಲ್ಲೇ ಕೂರೋಣ ಎಂದು ಕಿನ್ನರದವಳು ಎರಡು ಬಾರಿ ಹೇಳಿದ್ದಳು. ಯಾಕೆಂದು ನನಗೆ ಗೊತ್ತಿತ್ತು. ಎರಡು ವರ್ಷದಿಂದ ಅವಳ ಕಿವಿ ಮಂದವಾಗುತ್ತ ಬಂದಿತ್ತು. ಡಾಕ್ಟರ ಹತ್ತಿರ ಜೊತೆಗೆ ಹೋದವಳು ನಾನೇ. ಕಿವಿಗೆ ಮಷಿನ್ ಕೊಟ್ಟಿದ್ದರು. ಗದ್ದಲದಲ್ಲಿ ಅದು ಎಲ್ಲ ಸದ್ದನ್ನೂ ಒಟ್ಟಿಗೆ ತಂದು ತಲೆಗೆ ಬಡಿಯುತ್ತದೆಂದು ಪರ್ಸಿನಲ್ಲೇ ಇಟ್ಟುಕೊಂಡಿರುತ್ತಿದ್ದಳು. ಯಾರಿಗೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಇಷ್ಟೆಲ್ಲ ಗೊತ್ತಿದ್ದೂ ನನಗೆ ಆ ಕಿಟಕಿಯ ಬಳಿಯ ಸೋಫಾದಲ್ಲಿ ಕೂರುವ ಆಸೆ.

ಸೋಫಾದ ನೆತ್ತಿಯ ಮೇಲೇ ಸ್ಪೀಕರ್ ಇತ್ತು. ಕಾಫಿ ಮಷಿನ್ನಿನ ಗದ್ದಲ ಬೇರೆ. ಕಿನ್ನರದವಳು ನನ್ನ ಪಕ್ಕದಲ್ಲಿ ಕೂತು ನಮ್ಮ ಬಾಯಿಗಳನ್ನೇ ನೋಡುತ್ತಿದ್ದಳು. ನಾವು ನಕ್ಕಾಗ ತಾನೂ ನಗುತ್ತಿದ್ದಳು, ತುಸು ತಡವಾಗಿ. ಮೊದಮೊದಲು ನಾನು ಅವಳತ್ತ ಬಾಗಿ ಮಾತನ್ನು ಮತ್ತೆ ಹೇಳಿದೆ. ಆಮೇಲೆ ಬೇಸರ ಬಂತು. ಏನಂತೆ ಎಂದು ಅವಳು ಮೊಣಕೈಯಿಂದ ತಿವಿದಾಗ, ಏನಿಲ್ಲ ಎಂದು ತಲೆಯಾಡಿಸಿದೆ.

ಕಾಫಿ ಅರ್ಧ ಮುಗಿದಿತ್ತು. ಮಾಜಾಳಿಯವಳು ಕಪ್ಪನ್ನು ಸುಮ್ಮನೆ ತಿರುಗಿಸುತ್ತ, ತಗ್ಗಿದ ದನಿಯಲ್ಲಿ ಹೇಳಿದಳು: "ಮಗಳು ಮನೆಗೆ ಬಂದು ಎರಡು ತಿಂಗಳಾಯ್ತು. ಇನ್ನು ಗಂಡನ ಮನೆಗೆ ಹೋಗೂದಿಲ್ಲ ಅಂತದೆ."

ನನಗೆ ಮಾತು ತೋಚುವ ಮೊದಲೇ ಕಿನ್ನರದವಳ ಮುಖ ಅರಳಿತು. ಅವಳಿಗೆ ದಕ್ಕಿದ್ದು ಮಗಳು, ಮನೆ, ಎರಡು ತಿಂಗಳು, ಇಷ್ಟೇ. ಮಗಳು ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಾಳೆ ಎಂದುಕೊಂಡಳು. ಮೇಜಿನಾಚೆಗೆ ಬಾಗಿ ಗೆಳತಿಯ ಕೈ ಹಿಡಿದು ಜೋರಾಗಿ ಅಂದಳು: "ಒಳ್ಳೆ ಸುದ್ದಿ ಮಾರಾಯ್ತಿ. ಬರೀ ಕೈಲಿ ಬಂದ್ಯಲೆ, ಪೇಡೆ ಎಲ್ಲಿ?"

ಪಕ್ಕದ ಮೇಜಿನವರು ತಿರುಗಿ ನೋಡಿದರು. ಮಾಜಾಳಿಯವಳು ಕೈ ಬಿಡಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಬಾಗಿಲ ತನಕ ಹಿಂದೆ ಹೋದೆ.

"ನನ್ನ ಮಗಳ ಬಾಳು ಅವ್ಳಿಗೆ ತಮಾಷೆಯಾ?" ಎಂದು ಕೇಳಿದಳು.

ಅವಳಿಗೆ ಕೇಳಿಸಲಿಲ್ಲ ಎಂದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಮಾತು ಕೊಟ್ಟಿದ್ದೆನಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಅದಲ್ಲ. ಹೇಳಿದ್ದರೆ, ಗೊತ್ತಿದ್ದೂ ಅವಳನ್ನು ಆ ಗದ್ದಲಕ್ಕೆ ಯಾಕೆ ತಂದೆ ಎಂಬ ಪ್ರಶ್ನೆ ನನ್ನ ಕಡೆ ತಿರುಗುತ್ತಿತ್ತು.

ಎರಡು ವಾರ ಕಳೆದ ಮೇಲೆ ಕಿನ್ನರದಿಂದ ಮೆಸೇಜು ಬಂತು. ಮಾಜಾಳಿಯವಳಿಗೆ ಮೂರು ಸಲ ಬರೆದಳಂತೆ, ಮಗಳಿಗೆ ಎಷ್ಟನೇ ತಿಂಗಳು ಎಂದು ಕೇಳಿ. ಉತ್ತರವೇ ಇಲ್ಲ, ಹುಡುಗಿ ಹುಷಾರಿದ್ದಾಳಲ್ಲ ಎಂದು ನನ್ನನ್ನು ವಿಚಾರಿಸಿದ್ದಳು. ಅದನ್ನು ಓದಿ ನನಗೆ ಕೂರಲಾಗಲಿಲ್ಲ. ಆವತ್ತೇ ಬಸ್ಸು ಹತ್ತಿ ಕಿನ್ನರಕ್ಕೆ ಹೋಗಿ, ಅವಳ ಮನೆಯ ಜಗಲಿಯಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ.

"ನೀ ನನ್ನ ಪಕ್ಕದಲ್ಲೇ ಇದ್ಯಲೆ," ಅಂದಳು.

ಮರುದಿನ ಅವಳು ಒಬ್ಬಳೇ ಮಾಜಾಳಿಗೆ ಹೋದಳು. ಮಷಿನ್ ಹಾಕಿಕೊಂಡು, ಅದು ಕಾಣುವಂತೆ ಕೂದಲು ಎತ್ತಿ ಕಟ್ಟಿಕೊಂಡು ಹೋಗಿದ್ದಳಂತೆ. ಇಬ್ಬರೂ ಅತ್ತರಂತೆ. ಈಗ ಅವರು ಮೊದಲಿಗಿಂತ ಹತ್ತಿರ. ನಾವು ಸೇರುವುದು ಕೂಡ ಮಾಜಾಳಿಯಲ್ಲೇ.

ಹೋದ ತಿಂಗಳು ಊಟಕ್ಕೆ ಕೂತಾಗ, ತಪ್ಪು ನನ್ನದು, ಕ್ಷಮಿಸಿ ಎಂದು ಇಬ್ಬರಿಗೂ ಕೇಳುವಂತೆ ಹೇಳಿದೆ. ಮಾಜಾಳಿಯವಳು ಈಗೆಂತಕ್ಕೆ ಅದು ಎನ್ನುತ್ತ ಮೀನು ಬಡಿಸಿದಳು. ಕಿನ್ನರದವಳು ನನ್ನ ಮುಖ ನೋಡಿ "ಕೇಳ್ತು" ಅಂದಳು. ಮತ್ತೆ ಅನ್ನಕ್ಕೆ ಸಾರು ಹಾಕಿಕೊಂಡು, ಮಾಜಾಳಿಯವಳ ಮಗಳ ಹೊಸ ಕೆಲಸದ ಬಗ್ಗೆ ವಿಚಾರಿಸತೊಡಗಿದಳು.