ಮೈಕಿನ ಮುಂದೆ ಖಾನಾಪುರದ ಮೇಸ್ತ್ರಿ

ಪಂದ್ಯ ಮುಗಿದ ಮೇಲೆ ತಂಡದ ವ್ಯವಸ್ಥಾಪಕನನ್ನು ಮೈಕಿನ ಮುಂದೆ ನಿಲ್ಲಿಸಿ, ಅವನದಲ್ಲದ ಭಾಷೆಯಲ್ಲಿ ಮಾತನಾಡಿಸುವ ಪದ್ಧತಿಯನ್ನು ಬೆಳಗಾವಿಯ ಒಂದು ಚಿಕ್ಕ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಜಾರಿಗೆ ತಂದವನು ನಾನು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೂ ಇತ್ತು. ಈಗ ಹೇಳಲು ಹೊರಟರೆ ಮೊದಲು ಬರುವುದು ದಣಿವು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನು ಹೈಸ್ಕೂಲೊಂದರಲ್ಲಿ ಮಾಸ್ತರನಾಗಿದ್ದೆ. ಕಾಲೇಜಿನ ನಾಲ್ಕು ವರ್ಷಗಳನ್ನು ಚರ್ಚಾಸ್ಪರ್ಧೆಗಳಲ್ಲಿ ಕಳೆದು ಬಂದವನಾದ್ದರಿಂದ, ಯಾವ ಜಗಳವನ್ನೇ ಆಗಲಿ ಎರಡು ಪಕ್ಷಗಳಾಗಿ ವಿಂಗಡಿಸಿ, ಪಕ್ಷಕ್ಕೆ ಏಳೇಳು ನಿಮಿಷ ಕೊಟ್ಟರೆ ಅದು ಬಗೆಹರಿಯುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ನಮ್ಮ ಊರಿನಲ್ಲಿ ಪಕ್ಷಗಳಿಗೆ ಕೊರತೆ ಇರಲಿಲ್ಲ. ಪೇಟೆಯಲ್ಲಿ ಕನ್ನಡ ಮರಾಠಿ ಎರಡೂ ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಅದೇ ಜನ ಮೈದಾನಕ್ಕೆ ಬಂದರೆ ಗೆರೆಯ ಆ ಬದಿಗೆ ಕೆಲವರು, ಈ ಬದಿಗೆ ಕೆಲವರು ನಿಲ್ಲುತ್ತಿದ್ದರು. ಪಂದ್ಯಾವಳಿಯ ಸಮಿತಿ ನನ್ನ ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿಯನ್ನಾಗಿ ಮಾಡಿತ್ತು. ನಾನು ಆ ಅಕ್ಷರದಲ್ಲೇ ಒಂದು ನಿಯಮ ಬರೆದೆ: ಪಂದ್ಯದ ನಂತರ ಮರಾಠಿ ಮನೆಮಾತಿನ ವ್ಯವಸ್ಥಾಪಕರು ಕನ್ನಡದಲ್ಲಿಯೂ, ಕನ್ನಡ ಮನೆಮಾತಿನವರು ಮರಾಠಿಯಲ್ಲಿಯೂ ಪ್ರಶ್ನೆಗೆ ಉತ್ತರಿಸತಕ್ಕದ್ದು. ಸೋತವರು ಮೊದಲು. ಪ್ರಶ್ನೆ ಕೇಳುವವನು ನಾನೇ.

ಪ್ರಶ್ನೆ ಕೇಳುವವನಿಗೆ ಎರಡನೆಯ ಭಾಷೆಯಲ್ಲಿ ನಾಲ್ಕು ವಾಕ್ಯ ಬಂದರೆ ಸಾಕು. ಉತ್ತರಿಸುವವನಿಗೆ ಎಷ್ಟು ಬೇಕು ಎಂಬುದನ್ನು ನಾನು ಯೋಚಿಸಿರಲಿಲ್ಲ.

ಮೊದಲ ವರ್ಷ ನಗೆಯಲ್ಲಿ ಕಳೆಯಿತು. ಒಂದು ತಂಡದ ವ್ಯವಸ್ಥಾಪಕರಾಗಿದ್ದ ಕನ್ನಡದ ಒಬ್ಬ ಬಟ್ಟೆ ವ್ಯಾಪಾರಿ ‘ನಾವು ಚೆನ್ನಾಗಿ ಆಡಿದೆವು’ ಎಂಬ ಒಂದೇ ಮರಾಠಿ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಐದು ಗೋಲು ಬಿಟ್ಟದ್ದೇಕೆ ಎಂದು ಕೇಳಿದಾಗಲೂ ಅದನ್ನೇ ಹೇಳಿದರು. ಆ ನಗೆಯನ್ನು ನಾನು ಸೌಹಾರ್ದದ ಮೊದಲ ಮೆಟ್ಟಿಲೆಂದು ವರದಿಯಲ್ಲಿ ಬರೆದೆ.

ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬೀಳುತ್ತಿದ್ದುದು ಖಾನಾಪುರದ ಮೇಸ್ತ್ರಿಗೆ. ಅವರು ಅಲ್ಲಿಯ ಒಂದು ಹೆಂಚಿನ ಭಟ್ಟಿಯಲ್ಲಿ ಮೇಸ್ತ್ರಿ, ಮನೆಮಾತು ಮರಾಠಿ. ಭಟ್ಟಿಯ ಹಮಾಲರಿಂದಲೇ ತಂಡ ಕಟ್ಟಿದ್ದರು. ಅವರ ಕನ್ನಡ ಸಂತೆಯ ಕನ್ನಡ. “ಹುಡುಗ್ರು ಫಾರ್ ಛಲೋ, ಭಾಳ ಛಲೋ ಆಡಿದ್ರು. ಬಾಲ್ ಒಳಗ ಹೋಗಲಿಲ್ಲ. ಬಾಲ್‌ಗೆ ಕೇಳ್ರಿ, ನನಗ್ಯಾಕ ಕೇಳ್ತೀರಿ?” ಎನ್ನುತ್ತಿದ್ದರು. ಜನ ಶಿಳ್ಳೆ ಹಾಕುತ್ತಿದ್ದರು.

ಅವರ ಗೋಲಿ, ಎಂದರೆ ಗೋಲ್‌ಕೀಪರ್, ಹಲಸಿ ಊರಿನವನು. ತಂಡದಲ್ಲಿ ಕನ್ನಡ ಮನೆಮಾತಿನವನು ಅವನೊಬ್ಬನೇ; ಕುರಿ ಸಾಕಿದ ಮನೆತನ, ಅವನ ಕಾಲಕ್ಕೆ ಭಟ್ಟಿಯ ಕೂಲಿ. ಅವನನ್ನು ಗೋಲಿಗೆ ಆರಿಸಿದ್ದು ಹೇಗೆಂದು ಮೇಸ್ತ್ರಿ ಒಮ್ಮೆ ನನಗೆ ಭಟ್ಟಿಯಲ್ಲೇ ತೋರಿಸಿದರು. ಲಾರಿಗೆ ಹೆಂಚು ತುಂಬುವಾಗ ಆಳುಗಳು ಸಾಲಾಗಿ ನಿಂತು, ಒಬ್ಬರು ಇನ್ನೊಬ್ಬರಿಗೆ ಎರಡೆರಡು ಹೆಂಚನ್ನು ಗಾಳಿಯಲ್ಲಿ ಎಸೆಯುತ್ತಾರೆ. ಎಸೆದವನು ಹಿಡಿಯುವವನ ಕಡೆ ನೋಡುವುದಿಲ್ಲ. ಆಗಲೇ ಮುಂದಿನ ಜೋಡಿಗೆ ತಿರುಗಿರುತ್ತಾನೆ. ಹೊಸಬನಿಗೆ ಮಾತ್ರ ಕೈಯಲ್ಲಿ ಕೊಡುತ್ತಾರೆ. ನಂಬಿಕೆ ಬಂದ ದಿನ ಎಸೆಯಲು ಸುರುಮಾಡುತ್ತಾರೆ. ಹಲಸಿಯವನು ಸಾಲಿನ ಕೊನೆಗೆ, ಲಾರಿಯ ಮೇಲೆ ನಿಲ್ಲುತ್ತಿದ್ದ. ಬಂದದ್ದನ್ನು ಸದ್ದಿಲ್ಲದೆ ಹಿಡಿದು ಇಡುತ್ತಿದ್ದ.

ಮರುವರ್ಷ ಉಪಾಂತ್ಯದಲ್ಲಿ ಖಾನಾಪುರಕ್ಕೆ ಎದುರಾದದ್ದು ನಮ್ಮ ಊರಿನ ಕನ್ನಡದವರೇ ಹೆಚ್ಚಿದ್ದ ಒಂದು ಗಲ್ಲಿಯ ತಂಡ. ಕೊನೆಯ ನಿಮಿಷದವರೆಗೂ ಖಾನಾಪುರ ಒಂದು ಗೋಲು ಮುಂದಿತ್ತು. ಆಗ ದೂರದಿಂದ ಬಂದ ಸುಲಭದ ಚೆಂಡೊಂದು ಹಲಸಿಯವನ ಕೈಯಿಂದ ಜಾರಿ ಒಳಗೆ ಹೋಯಿತು. ಪಂದ್ಯ ಸಮ. ಮುಂದಿನ ರವಿವಾರ ಮತ್ತೆ ಆಡಬೇಕೆಂದು ತೀರ್ಮಾನವಾಯಿತು.

ಬುಧವಾರ ಮೇಸ್ತ್ರಿ ಶಾಲೆಗೆ ಬಂದರು. ಕೂತುಕೊಳ್ಳಿ ಎಂದರೂ ಕೂಡಲಿಲ್ಲ.

“ಮಾಸ್ತರ, ಅವನ ಕೈಯಾಗ ಹೆಂಚ ಕೊಡಾಕತ್ತಾರ.”

ನನಗೆ ಅರ್ಥವಾಗಲಿಲ್ಲ.

“ಗಾಳ್ಯಾಗ ಒಗ್ಯಾಂಗಿಲ್ಲ. ಕೈಯಾಗ ಇಡ್ತಾರ. ಹೊಸ ಮನಿಷಾಗ ಕೊಟ್ಟಂಗ. ಬಾಲ್ ಮುದ್ದಾಂ, ಬೇಕಂತನ ಬಿಟ್ಟ, ಅವನ ಮಂದಿ ಸಲುವಾಗಿ ಬಿಟ್ಟ ಅಂತಾರ. ಅವನ ಅಣ್ಣಗ ಗೊತ್ತಾಗೇತಿ. ರವಿವಾರ ಬರ್ತಾನ. ಈ ಮಾತು ನಿಲ್ಲಲಿಲ್ಲಂದ್ರ ತಮ್ಮನ್ನ ಭಟ್ಟಿನೂ ಬಿಡಿಸಿ ಕರಕೊಂಡ ಹೋಗ್ತೇನಿ ಅಂದಾನ.”

ರವಿವಾರ, ಗೆಲ್ಲಲಿ ಸೋಲಲಿ, ಭೋಂಗಾದಲ್ಲಿ, ಎಂದರೆ ಮೈದಾನದ ಧ್ವನಿವರ್ಧಕದಲ್ಲಿ, ಎಲ್ಲರೂ ಕೇಳುವಂತೆ ತಮ್ಮ ಗೋಲಿ ಸಾಚಾ ಮನುಷ್ಯ ಎಂದು ಹೇಳಬೇಕು. ಹೇಳುವುದನ್ನು ಅವನ ಅಣ್ಣನಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಬೇಕು. ಮೇಸ್ತ್ರಿಗೆ ಬೇಕಾದದ್ದು ಇಷ್ಟೇ. ಮೂರು ಮಾತಿನಲ್ಲಿ ಮುಗಿಯುತ್ತಿತ್ತು. ನಾನು ತಡೆದೆ. ನಿಮ್ಮ ಕನ್ನಡಕ್ಕೆ ಜನ ನಗುತ್ತಾರೆ, ಇದು ನಗೆಗೆ ಈಡಾಗಬಾರದ ವಿಷಯ, ನಾನು ಬರೆದುಕೊಡುತ್ತೇನೆ ಎಂದೆ. ಅಂದು ಸಂಜೆ ಒಂದು ಪುಟ ಬರೆದೆ. ಚರ್ಚೆಯಲ್ಲಿ ನಾನು ಕಲಿತ ಕ್ರಮವನ್ನೇ ಅನುಸರಿಸಿದೆ: ಮೊದಲು ಎದುರಾಳಿಯ ವಾದವನ್ನು ಅವನಿಗಿಂತ ಸಮರ್ಥವಾಗಿ ಮಂಡಿಸಬೇಕು, ಆಮೇಲೆ ಒಂದು ಮೌನ, ಆಮೇಲೆ ಖಂಡನೆ. ಶನಿವಾರ ಮಧ್ಯಾಹ್ನ ಮೇಸ್ತ್ರಿ ಮತ್ತೆ ಬಂದು ನನ್ನೆದುರು ಅದನ್ನು ಒಪ್ಪಿಸಿದರು. ದೇವನಾಗರಿಯಲ್ಲಿ ಬರೆದುಕೊಂಡು, ಅಕ್ಷರ ಬಿಡದೆ ಕಲಿತಿದ್ದರು.

“ಛಲೋ ಬರದೀರಿ. ಆದ್ರ ಖರೇ ಮಾತ ಕಡೀಕ ಯಾಕ ಇಟ್ರಿ?”

“ಮೊದಲು ಅವರ ಅನುಮಾನ ಒಪ್ಪಿಕೊಂಡಂತೆ ಮಾಡಬೇಕು. ಆಮೇಲೆ ಮನಸ್ಸಿನಲ್ಲಿ ಐದು ಎಣಿಸಬೇಕು. ಜನ ಉಸಿರು ಹಿಡಿದು ಕಾಯುತ್ತಾರೆ.”

“ಕಾಯ್ತಾರೇನ್ರಿ?” ಎಂದರು ಅವರು.

ರವಿವಾರ ಖಾನಾಪುರ ಒಂದು ಗೋಲಿನಿಂದ ಸೋತಿತು. ಮೂಲೆಯಿಂದ ಬಂದು ಮೂವರ ತಲೆಗೆ ತಾಗಿ ಒಳಗೆ ಬಿದ್ದ ಚೆಂಡು. ಯಾರ ತಪ್ಪೂ ಅಲ್ಲ. ಗೋಲಿನ ಕಂಬದ ಹಿಂದೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಅಣ್ಣ ಇಡೀ ಪಂದ್ಯ ಒಂದೇ ಜಾಗದಲ್ಲಿ ನಿಂತಿದ್ದ. ಆಟ ಮುಗಿದೊಡನೆ ನಾನು ಮೈಕು ಹಿಡಿದು ಮೇಸ್ತ್ರಿಗೆ ಕನ್ನಡದಲ್ಲಿ ಪ್ರಶ್ನೆ ಹಾಕಿದೆ: “ನಿಮ್ಮ ತಂಡದ ಬಗ್ಗೆ ಏನು ಹೇಳುತ್ತೀರಿ?”

ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಸುರುಮಾಡಿದರು. ಸ್ಪಷ್ಟವಾದ, ನನ್ನ ಕನ್ನಡ.

“ಹಿಂದಿನ ರವಿವಾರ ನಮ್ಮ ಗೋಲಿಯ ಕೈಯಿಂದ ಚೆಂಡು ಜಾರಿದ್ದನ್ನು ಎಲ್ಲರೂ ಕಂಡಿದ್ದೀರಿ. ಹೆಂಚು ಜಾರದ ಕೈಯಿಂದ ಚೆಂಡು ಜಾರಿದರೆ ಅನುಮಾನ ಬರುವುದು ಸಹಜ. ಅವನ ಮನೆಮಾತೂ ಎದುರಾಳಿಗಳ ಮನೆಮಾತೂ ಒಂದೇ ಎಂಬುದು ನಿಜ.”

ನಿಲ್ಲಿಸಿದರು. ನಾನು ಕಲಿಸಿದಂತೆ ಎಣಿಸತೊಡಗಿದರು; ತುಟಿ ಸಣ್ಣಗೆ ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು. ಮೈದಾನದಲ್ಲಿ ಒಮ್ಮೆಲೆ ಗದ್ದಲವೆದ್ದಿತು. ಒಂದು ಬದಿಯವರು ಚಪ್ಪಾಳೆ ತಟ್ಟಿದರು, ಇನ್ನೊಂದು ಬದಿಯವರು ಕೂಗಿದರು. ಮುಖ್ಯ ಅತಿಥಿಗಳಾಗಿದ್ದ ನಿವೃತ್ತ ಅಧಿಕಾರಿಯೊಬ್ಬರು ಮಾತು ಮುಗಿಯಿತೆಂದು ತಿಳಿದು ಎದ್ದು ಬಂದು, ನನ್ನ ಕೈಯಿಂದ ಮೈಕು ತೆಗೆದುಕೊಂಡರು. ಸೋಲನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ವ್ಯವಸ್ಥಾಪಕರನ್ನು ತಾವು ಕಂಡಿಲ್ಲವೆಂದು ಕ್ರೀಡಾಮನೋಭಾವದ ಕುರಿತು ಭಾಷಣಕ್ಕೆ ತೊಡಗಿದರು.

ಮೇಸ್ತ್ರಿ ಕಣ್ಣು ಬಿಟ್ಟು ನನ್ನ ಕಡೆ ನೋಡಿದರು. ಆಗ ನಾನು ಮೈಕಿಗೆ ಕೈ ಹಾಕಬೇಕಿತ್ತು. ಆದರೆ ಮಾತನಾಡುತ್ತಿರುವವರನ್ನು ನಡುವೆ ತಡೆಯಬಾರದೆಂಬುದು ನನಗೆ ಎಲ್ಲಕ್ಕಿಂತ ಮೊದಲು ಕಲಿಸಿದ ಪಾಠ. ಸಭೆಯ ಶಿಸ್ತಿನಂತೆ ಕೈ ಎತ್ತಿ, ತುಸು ತಾಳಿ ಎಂದು ಸನ್ನೆ ಮಾಡಿದೆ. ಅತಿಥಿಗಳು ಕಾಲು ಗಂಟೆ ಮಾತನಾಡಿದರು. ಅವರು ಮುಗಿಸುವಷ್ಟರಲ್ಲಿ ಜನ ಸೈಕಲ್ಲು ಹತ್ತಿದ್ದರು. ಕಂಬದ ಹಿಂದೆ ಯಾರೂ ಇರಲಿಲ್ಲ. ಅಣ್ಣ ತಮ್ಮನ ಕೈ ಹಿಡಿದು ಆಗಲೇ ಹೊರಟುಹೋಗಿದ್ದ.

ಸಂಜೆ ರೈಲು ನಿಲ್ದಾಣದಲ್ಲಿ ತಂಡದವರು ಒಂದು ಕಡೆ, ಮೇಸ್ತ್ರಿ ಇನ್ನೊಂದು ಕಡೆ ಕುಳಿತಿದ್ದರು. ನಾನು ಹತ್ತಿರ ಹೋದೆ.

“ಉಳಿದದ್ದನ್ನು ಯಾಕೆ ಕೂಗಿ ಹೇಳಲಿಲ್ಲ?” ಎಂದು ಕೇಳಿದೆ. ಕೇಳಬಾರದಿತ್ತು.

“ನಡುವಿನಿಂದ ಹೆಂಗ ಹೇಳ್ಲಿ? ಅದೆಲ್ಲಾ ಪಾಠ ಮಾಡಿದ್ದು. ಮೊದಲಿಂದ ಅಂದ್ರ ಬರ್ತೈತಿ. ಮರಾಠಿದಾಗ ಒದರೂಣಂದ್ರ ನಿಮ್ಮ ಕಾಯದಾ. ನನ್ನ ಮೋಡಕಾ ತೋಡಕಾ, ಹರಕು ಮುರುಕು ಕನ್ನಡದಾಗ ಹೇಳಿದ್ರ ಮಂದಿ ನಗತಿದ್ರು. ನಗಲಿ. ಅವ ಉಳೀತಿದ್ದ.”

ಗುರುವಾರ ರಜೆ ಹಾಕಿ ಖಾನಾಪುರಕ್ಕೆ ಹೋದೆ. ದೇಸೂರಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಅಷ್ಟು ಹೊತ್ತೂ ನಾನು ಮನಸ್ಸಿನಲ್ಲಿ ಸಮರ್ಥನೆಯ ಅಂಶಗಳನ್ನು ಜೋಡಿಸುತ್ತಿದ್ದೆ. ಆ ಚಟ ಬಿಡುವುದಲ್ಲ. ಖಾನಾಪುರದಿಂದ ಮೇಸ್ತ್ರಿಯೊಂದಿಗೆ ಬಸ್ಸಿನಲ್ಲಿ ಹಲಸಿಗೆ ಹೋದೆ. ಅಣ್ಣ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ತಮ್ಮ ಬಾಗಿಲಲ್ಲಿ ನಿಂತಿದ್ದ. ನಮ್ಮ ಮುಖ ನೋಡಲಿಲ್ಲ.

“ಬರ್ರಿ, ಕುಂದರ್ರಿ,” ಎಂದ ಅಣ್ಣ. ಹಗ್ಗ ಬಿಡಲಿಲ್ಲ.

ನಾನು ಎಲ್ಲವನ್ನೂ ವಿವರಿಸಿದೆ. ಬರೆದ ಪುಟದ ಉತ್ತರಾರ್ಧವನ್ನು ಓದಿ ತೋರಿಸಿದೆ. ‘ಆದರೆ’ ಎಂದು ಸುರುವಾಗುವ ಆ ಭಾಗ ನಿಜಕ್ಕೂ ಚೆನ್ನಾಗಿತ್ತು.

“ಛಲೋ ಐತ್ರಿ. ನಮ್ಮ ಕಟ್ಟಿ ಮ್ಯಾಲೆ ಓದಿದ್ರ ಏನ ಬಂತು? ಭೋಂಗಾದಾಗ ಹೋದ ಮಾನ ಭೋಂಗಾದಾಗ ಬರಬೇಕು.”

“ಈ ರವಿವಾರ ಅಂತಿಮ ಪಂದ್ಯವಿದೆ. ಮೇಸ್ತ್ರಿಯವರಿಂದ ಹೇಳಿಸುತ್ತೇನೆ. ಬರೆದುಕೊಡುತ್ತೇನೆ.”

“ಅವ್ರ ಬ್ಯಾಡ್ರಿ. ಅವ್ರ ಮನಸ ನಮಗ ಗೊತ್ತೈತಿ. ಬರದವ್ರ ಹೇಳ್ರಿ. ಇವನ ಮ್ಯಾಲೆ ಸಂಶೆ ಮಾಡಿದವ್ರು ಭಟ್ಟಿ ಮಂದಿ. ಅವ್ರ ಮಾತಿನ್ಯಾಗ ಹೇಳ್ರಿ.”

“ನನ್ನ ಮರಾಠಿ ಅಷ್ಟು...”

“ಮೇಸ್ತ್ರಿ ಕನ್ನಡ ಎಷ್ಟಿತ್ರಿ?” ಎಂದ ಅಣ್ಣ. ಬಾಗಿಲಲ್ಲಿದ್ದ ತಮ್ಮ ಮೊದಲ ಬಾರಿಗೆ ತಲೆ ಎತ್ತಿದ.

ನಿಯಮ ಬರೆದವನು ಆ ನಿಯಮದಡಿ ಒಮ್ಮೆಯೂ ನಿಂತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆ ಕಟ್ಟೆಯ ಮೇಲೆ.

ಅಂತಿಮ ಪಂದ್ಯದ ದಿನ, ಆಟ ಸುರುವಾಗುವ ಮೊದಲು ಎರಡು ನಿಮಿಷ ಕೇಳಿ ಪಡೆದೆ. ಭಟ್ಟಿಯವರನ್ನೆಲ್ಲ ಮೇಸ್ತ್ರಿ ಕರೆತಂದಿದ್ದರು. ಅಣ್ಣತಮ್ಮಂದಿರು ಅದೇ ಕಂಬದ ಹಿಂದೆ ನಿಂತಿದ್ದರು. ಕೈಯಲ್ಲಿ ಕಾಗದವಿರಲಿಲ್ಲ. ಸಾವಿರಾರು ಜನರ ಮುಂದೆ ಕನ್ನಡದಲ್ಲಿ ತಡವರಿಸದ ನಾನು ಮರಾಠಿಯ ಮೊದಲ ಪದಕ್ಕೇ ತೊದಲಿದೆ. ಪೂರ್ವಪಕ್ಷ ಮಂಡಿಸುವಷ್ಟು ಪದಗಳು ನನ್ನಲ್ಲಿರಲಿಲ್ಲ. ಇದ್ದದ್ದನ್ನಷ್ಟೇ ಹೇಳಿದೆ.

“ಚೂಕ ಮಾಝೀ ಆಹೆ. ಮೇಸ್ತ್ರೀಂಚೀ ನಾಹೀ. ಗೋಲೀಚೀ ನಾಹೀ. ಮೇಸ್ತ್ರೀ ಮ್ಹಣತಾತ, ತ್ಯಾಚೇ ಹಾತ ಖರೇ ಆಹೇತ.”

ತಪ್ಪು ನನ್ನದು, ಮೇಸ್ತ್ರಿಯದಲ್ಲ, ಗೋಲಿಯದಲ್ಲ. ಅವನ ಕೈಗಳು ಸಾಚಾ ಎಂದು ಮೇಸ್ತ್ರಿ ಹೇಳುತ್ತಾರೆ. ನನ್ನ ಉಚ್ಚಾರಕ್ಕೆ ಜನ ನಕ್ಕರು. ಭಟ್ಟಿಯವರ ನಡುವಿನಿಂದ ಒಬ್ಬ ಕೂಗಿದ: “ಮಾಸ್ತರ, ಪರತ ಸಾಂಗಾ!” ಮತ್ತೊಮ್ಮೆ ಹೇಳಬೇಕಂತೆ. ಹೇಳಿದೆ. ಎರಡನೆಯ ಸಲ ನಗೆ ಕಡಿಮೆಯಿತ್ತು. “ಆಟ ಚಾಲೂ ಮಾಡ್ರಿ!” ಎಂದು ಇನ್ನೊಂದು ಬದಿಯಿಂದ ಯಾರೋ ಒದರಿದರು. ಕಂಬದ ಹಿಂದೆ ಅಣ್ಣ ಕಂಬಳಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡ. ಅಷ್ಟೇ ನಾನು ಕಂಡದ್ದು. ಪಂದ್ಯ ನೋಡದೆ ಮನೆಗೆ ಹೋದೆ.

ಮುಂದಿನ ವರ್ಷದ ನಿಯಮಾವಳಿ ಬರೆಯುವಾಗ ಆ ಒಂದು ಸಾಲನ್ನು ಬಿಟ್ಟೆ. ಸಮಿತಿಯಲ್ಲಿ ಯಾರೂ ಏಕೆಂದು ಕೇಳಲಿಲ್ಲ. ಅದು ಇತ್ತೆಂಬುದೇ ಕೆಲವರಿಗೆ ನೆನಪಿರಲಿಲ್ಲ. ಅಷ್ಟು ವರ್ಷ ನಾನು ಹೊತ್ತು ತಿರುಗಿದ ಆದರ್ಶದ ತೂಕ ಅಷ್ಟೇ ಎಂದು ತಿಳಿದಾಗ ಬೇಸರಕ್ಕಿಂತ ಆಯಾಸವೇ ಹೆಚ್ಚಾಯಿತು.

ಆದರೆ ಅಂತಿಮ ಪಂದ್ಯವಾದ ವಾರದಲ್ಲೇ ಮೇಸ್ತ್ರಿ ಶಾಲೆಯ ಗೇಟಿನವರೆಗೆ ಬಂದು ಹೋಗಿದ್ದರು. ಸೋಮವಾರ ಹಲಸಿಯವನು ಕೆಲಸಕ್ಕೆ ಬಂದನಂತೆ. ಲಾರಿಯ ಮೇಲೆ ತನ್ನ ಜಾಗದಲ್ಲಿ ನಿಂತನಂತೆ.

“ಮೊದಲನೇ ಜೋಡಿ ಕೈಯಾಗ ಕೊಟ್ರು,” ಎಂದರು ಮೇಸ್ತ್ರಿ. “ಎರಡನೇದೂ ಕೈಯಾಗ. ನಾ ನೋಡ್ಕೊಂತ ನಿಂತೆ.”

“ಆಮೇಲೆ?”

“ಮೂರನೇದ್ದು ಒಗದ್ರು.”