ಬಾಗಿಲ ಕೋಡ್‌ಗೆ ಇಟ್ಟ ಅರಿಶಿನ ಕುಂಕುಮ

ಬಾಗಿಲ ಪಕ್ಕದ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದ ದಿನದಿಂದ ನನ್ನ ತಲೆನೋವು ಶುರುವಾಯಿತು. ಶಿಡ್ಲಘಟ್ಟದಲ್ಲಿ ಒಂದು ಟ್ರಸ್ಟ್ ನಡೆಸುವ ಪುಟ್ಟ ವಾಚನಾಲಯ ನಮ್ಮದು. ಅಲ್ಲಿ ಗ್ರಂಥಪಾಲಕಿ ನಾನೇ, ಕಸ ಗುಡಿಸುವವಳೂ ನಾನೇ, ಕುಡಿಯುವ ನೀರು ತುಂಬಿಡುವವಳೂ ನಾನೇ. ಟ್ರಸ್ಟಿನ ಕಚೇರಿ ಚಿಕ್ಕಬಳ್ಳಾಪುರದಲ್ಲಿದೆ, ಗೌರಿಬಿದನೂರಿನಲ್ಲೂ, ನಾನು ದಿನಾ ಬಸ್ಸಿನಲ್ಲಿ ಬರುವ ಚಿಂತಾಮಣಿಯಲ್ಲೂ ಇಂಥವೇ ವಾಚನಾಲಯಗಳಿವೆ. ಓದಲು ಬಂದವರು ಒಳಗೆ ಕಾಲಿಡುವ ಮೊದಲು ಬಾಗಿಲ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಬೇಕು. ಹಾಗೆ ಮಾಡಿದರೆ ಅವರು ಬಂದದ್ದು ಚಿಕ್ಕಬಳ್ಳಾಪುರದ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಕಪಾಟುಗಳ ಮೇಲೂ ಕೋಡುಗಳು ಬಂದವು. ಒಂದನ್ನು ಸ್ಕ್ಯಾನ್ ಮಾಡಿದರೆ ಹಳೆಯ ಪ್ರಶ್ನೆಪತ್ರಿಕೆ, ಇನ್ನೊಂದನ್ನು ಮಾಡಿದರೆ ಪಿಯುಸಿ ಪಾಠದ ವಿಡಿಯೊ. ಓದುಗರು ಬಂದು ಸಹಿ ಹಾಕುತ್ತಿದ್ದ ಹಳೆಯ ಪುಸ್ತಕ ಇನ್ನು ಬೇಡವೆಂದು ಟ್ರಸ್ಟಿನವರು ಎತ್ತಿಕೊಂಡು ಹೋದರು.

ನಮ್ಮ ಕಡೆಯ ಜನಕ್ಕೆ ಕೋಡ್ ಅಂದರೆ ದುಡ್ಡು ಹೋಗುವ ದಾರಿ. ಟೀ ಅಂಗಡಿಯಲ್ಲಿ, ಹೂವಿನ ಗಾಡಿಯಲ್ಲಿ, ಸೊಪ್ಪಿನವಳ ಬುಟ್ಟಿಗೆ ಕಟ್ಟಿದ ರಟ್ಟಿನ ಮೇಲೂ ಅದೇ ಕಪ್ಪು ಚುಕ್ಕೆಗಳ ಚೌಕ. ದಿನಾ ಪತ್ರಿಕೆ ಓದಲು ಬರುವ ಒಬ್ಬ ಅಜ್ಜ ಹೊಸ್ತಿಲಾಚೆಯೇ ನಿಂತು, ಇದಕ್ಕೆ ಫೋನ್ ತೋರಿಸಿದರೆ ಡಬ್ಬು ಪೋತುಂದಾಮ್ಮಾ ಎಂದು ಕೇಳಿದರು. ದುಡ್ಡು ಹೋಗುವುದಿಲ್ಲ ಎಂದು ಕನ್ನಡದಲ್ಲೂ ಹೇಳಿದೆ, ತೆಲುಗಿನಲ್ಲೂ ಹೇಳಿದೆ. ಮರುದಿನದಿಂದ ಅವರು ಫೋನನ್ನು ಮನೆಯಲ್ಲೇ ಬಿಟ್ಟು ಬರತೊಡಗಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಜನ ಬಂದು ಕೂತಿರುವುದು ನನ್ನ ಕಣ್ಣಿಗೆ ಕಾಣುತ್ತಿರುವಾಗ ಅದನ್ನು ಒಂದು ಚೌಕಕ್ಕೆ ಯಾಕೆ ಒಪ್ಪಿಸಬೇಕು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಆ ಕೋಡಿನ ಪರವಾಗಿ ನಿಂತವಳು ಒಬ್ಬಳೇ. ರೇಷ್ಮೆ ಫಿಲೇಚರಿನಲ್ಲಿ ನೂಲು ತೆಗೆಯುವ ಹೆಂಗಸು, ಮೂವತ್ತು ದಾಟಿದವಳು. ಹಗಲೆಲ್ಲ ಕುದಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಫೋನಿಗೆ ಆ ಬೆರಳು ತಾಗಿದ್ದೇ ಗೊತ್ತಾಗದು, ಅವಳು ಬೆರಳನ್ನು ಮಡಚಿ ಗಿಣ್ಣಿನಿಂದ ಒತ್ತುತ್ತಿದ್ದಳು. ಓದನ್ನು ಅರ್ಧಕ್ಕೆ ಬಿಡಿಸಿ ಮದುವೆ ಮಾಡಿದ್ದರಂತೆ. ಈಗ ಖಾಸಗಿಯಾಗಿ ದ್ವಿತೀಯ ಪಿಯುಸಿ ಕಟ್ಟಿದ್ದಳು. ಪಿಯುಸಿ ಪಾಸಾದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬಹುದು, ಕುದಿನೀರಿನಿಂದ ಕೈ ಹೊರಗೆ ತೆಗೆಯಬಹುದು. ಮನೆ ಅಂದರೆ ಒಂದೇ ಕೋಣೆ. ಅದರಲ್ಲೇ ಅಡುಗೆ, ಅದರಲ್ಲೇ ಟಿವಿ, ಅದರಲ್ಲೇ ಅತ್ತೆಯ ಕೆಮ್ಮು. ಹಾಗಾಗಿ ಕೆಲಸ ಮುಗಿಸಿ ನೇರ ನಮ್ಮಲ್ಲಿಗೆ ಬಂದು, ಸಂಜೆ ಆರರಿಂದ ಎಂಟರವರೆಗೆ, ಮೂಲೆಯ ಕುರ್ಚಿಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾಠದ ವಿಡಿಯೊ ಕೇಳುತ್ತಿದ್ದಳು. ಅವಳಿಗೆ ಓದಲು ಸಿಗುತ್ತಿದ್ದ ಹೊತ್ತು ಅದೊಂದೇ.

ಈ ಸಂಜೆಯ ಹೊತ್ತಿಗೇ ಕುತ್ತು ಬಂತು. ಎಲ್ಲ ಊರುಗಳಲ್ಲೂ ಎಂಟರವರೆಗೆ ತೆರೆದಿಡುವುದು ಕಷ್ಟ, ಸಂಜೆ ಎಲ್ಲಿ ಹೆಚ್ಚು ಜನ ಬರುತ್ತಾರೋ ಅಲ್ಲಿ ಮಾತ್ರ ಮುಂದುವರಿಸುತ್ತೇವೆ, ದೀಪಾವಳಿ ಕಳೆದ ಮೇಲೆ ಬಾಗಿಲ ಸ್ಕ್ಯಾನ್ ನೋಡಿ ತೀರ್ಮಾನಿಸುತ್ತೇವೆ ಎಂದು ಟ್ರಸ್ಟಿನವರು ತಿಳಿಸಿದರು. ನಾನು ಅದನ್ನು ಓದುಗರಿಗೆಲ್ಲ ಹೇಳಿದೆ. ಅವಳು ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಅಂದಿನಿಂದ ಸಂಜೆ ಬಂದವಳೇ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು, ಅಣ್ಣಾ ಸ್ಕ್ಯಾನ್ ಮಾಡಿ, ಅಕ್ಕಾ ಮರೀಬೇಡಿ ಎಂದು ಬಂದವರನ್ನೆಲ್ಲ ಕಾಡಿ ಬೇಡಿ ಮಾಡಿಸುತ್ತಿದ್ದಳು. ಆ ಅಜ್ಜನೂ ಅವಳ ಮಾತಿಗೆ ಸೋತು ಫೋನ್ ತರತೊಡಗಿದರು. ಚಿಕ್ಕಬಳ್ಳಾಪುರದಿಂದ ಒಮ್ಮೆ ಫೋನ್ ಮಾಡಿ, ನಿಮ್ಮ ಶಿಡ್ಲಘಟ್ಟ ಪರವಾಗಿಲ್ಲ ಮೇಡಂ, ಚಿಂತಾಮಣಿಗೆ ಸರಿಸಮ ಇದೆ ಎಂದು ಹೊಗಳಿದರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆಯುಧಪೂಜೆ ಬಂತು. ಅವತ್ತು ಶಿಡ್ಲಘಟ್ಟದ ಫಿಲೇಚರುಗಳಲ್ಲಿ ನೂಲು ತೆಗೆಯುವ ಯಂತ್ರ, ತಕ್ಕಡಿ, ಬಾಯ್ಲರ್ ಎಲ್ಲಕ್ಕೂ ಅರಿಶಿನ ಕುಂಕುಮ ಬೀಳುತ್ತದೆ. ಅಲ್ಲಿನ ಪೂಜೆ ಮುಗಿಸಿ ಅವಳು ತಟ್ಟೆಯಲ್ಲಿ ಮಿಕ್ಕಿದ್ದನ್ನು ನಮ್ಮ ವಾಚನಾಲಯಕ್ಕೆ ತಂದಳು. ನಾನು ಕುಂಬಳಕಾಯಿ ತರಿಸಿದ್ದೆ, ಕಂಪ್ಯೂಟರಿಗೊಂದು ಹೂವು ಸಿಕ್ಕಿಸಿದ್ದೆ. ಬಾಗಿಲ ಪೂಜೆ ನಾನು ಮಾಡ್ತೀನಿ ಎಂದು ಅವಳು ಕೇಳಿಕೊಂಡಳು. ಹೊಸ್ತಿಲು ತೊಳೆದು ಅರಿಶಿನ ಬಳಿದಳು, ಚೌಕಟ್ಟಿಗೆ ಬೊಟ್ಟಿಟ್ಟಳು. ಆಮೇಲೆ ಪಕ್ಕದ ಗೋಡೆಯ ಕೋಡಿನ ಮುಂದೆ ನಿಂತಳು. ಅದರ ಮೂರು ಮೂಲೆಯಲ್ಲಿ ದೊಡ್ಡ ಚೌಕಗಳಿರುತ್ತವೆಯಲ್ಲ, ಒಂದೊಂದಕ್ಕೂ ಒದ್ದೆ ಅರಿಶಿನ ಮೆತ್ತಿ, ನಡುವೆ ಕುಂಕುಮ ಇಟ್ಟು, ಕಣ್ಣು ಮುಚ್ಚಿ ಕೈಮುಗಿದಳು. ನಾನು ನೋಡುತ್ತಲೇ ಇದ್ದೆ. ಚೆನ್ನಾಗಿ ಕಾಣ್ತಿದೆ ಕಣಮ್ಮ ಎಂದೂ ಹೇಳಿದೆ. ದೇವರ ಫೋಟೊಗೆ ಇಟ್ಟಂತೆಯೇ ಇತ್ತು. ಹಾಗೆ ಇಟ್ಟ ಬೊಟ್ಟನ್ನು ನಮ್ಮಲ್ಲಿ ಯಾರೂ ಒರೆಸುವುದಿಲ್ಲ, ತಾನಾಗಿ ಉದುರಿ ಹೋಗಬೇಕು.

ಹಬ್ಬದ ರಜೆ ಮುಗಿದು ಓದುಗರು ಮತ್ತೆ ಬಂದರು. ಬಾಗಿಲಲ್ಲಿ ಫೋನ್ ಎತ್ತಿ ಹಿಡಿದರು, ಏನೂ ಆಗಲಿಲ್ಲ. ನೆಟ್ ಇಲ್ಲ ಎಂದರು. ನಮ್ಮ ಬೀದಿಯಲ್ಲಿ ನೆಟ್ ಇಲ್ಲ ಎಂದರೆ ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ. ಒಳಗೆ ಕಪಾಟಿನ ಕೋಡುಗಳು ಸರಿಯಾಗಿದ್ದವು, ಪಾಠ ಬರುತ್ತಿತ್ತು. ಬಾಗಿಲ ಹತ್ತಿರ ಮಾತ್ರ ಸಿಗ್ನಲ್ ಸಾಲದು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟೆವು. ಅವಳು ಸಹ ದಿನಾ ಫೋನ್ ಎತ್ತಿ ಹಿಡಿಯುತ್ತಿದ್ದಳು, ಒಂದು ಹೆಜ್ಜೆ ಹಿಂದೆ ಹೋಗಿ ಹಿಡಿಯುತ್ತಿದ್ದಳು, ಆಮೇಲೆ ನಿಟ್ಟುಸಿರು ಬಿಟ್ಟು ಒಳಗೆ ಬರುತ್ತಿದ್ದಳು. ಹೀಗೇ ದೀಪಾವಳಿಯೂ ಕಳೆಯಿತು.

ಒಂದು ಮಧ್ಯಾಹ್ನ ಚಿಕ್ಕಬಳ್ಳಾಪುರದಿಂದ ಫೋನ್ ಬಂತು. ಸಂಜೆ ವಾಚನಾಲಯ ತೆಗೀತಾನೇ ಇಲ್ವಾ ಮೇಡಂ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ದಿನಾ ಕುರ್ಚಿ ಸಾಲದೆ ಜನ ನೆಲದ ಮೇಲೆ ಕೂರುತ್ತಾರೆ ಎಂದೆ. ಫೋನಿನಲ್ಲಿದ್ದ ಕಚೇರಿಯ ಹುಡುಗಿ ತಾಳ್ಮೆಯಿಂದಲೇ ಹೇಳಿದಳು: "ಇರಬಹುದು ಮೇಡಂ, ಆದ್ರೆ ಸಿಸ್ಟಮ್‌ನಲ್ಲಿ ಯಾರೂ ಇಲ್ವಲ್ಲ." ತೀರ್ಮಾನದ ಮೀಟಿಂಗ್ ಹಿಂದಿನ ದಿನವೇ ಮುಗಿದಿತ್ತು. ಸಂಜೆಯ ಹೊತ್ತು ಚಿಂತಾಮಣಿಗೆ ಹೋಗಿತ್ತು.

ನಾನು ಬಾಗಿಲಿಗೆ ಓಡಿದೆ. ನನ್ನ ಫೋನ್ ಹಿಡಿದೆ, ಏನೂ ಬರಲಿಲ್ಲ. ಆಗಲೇ ನನ್ನ ಕಣ್ಣು ಆ ಮೂರು ಬೊಟ್ಟುಗಳ ಮೇಲೆ ಬಿತ್ತು. ಒಣಗಿ ಗಟ್ಟಿಯಾಗಿ ಕಾಗದಕ್ಕೆ ಕಚ್ಚಿಕೊಂಡಿದ್ದವು, ಫೋನು ಕೋಡನ್ನು ಗುರುತಿಸುವುದಕ್ಕೆ ಬೇಕಾದ ಕೆಳಗಿನ ಕಪ್ಪು ಚೌಕ ಒಂದೂ ಕಾಣುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಾಗದವೇ ಕಿತ್ತು ಬಂತು. ವಾಟ್ಸಾಪಿನಲ್ಲಿ ಹಳೆಯ ಕೋಡನ್ನು ಹುಡುಕಿ, ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಹೊದಿಸಿ ಅವತ್ತೇ ಅಂಟಿಸಿದೆ. ಅರಿಶಿನ ಮೆತ್ತಿದ ಕೋಡಿನ ಚೂರುಗಳ ಫೋಟೊ, ತುಂಬಿದ ಕುರ್ಚಿಗಳ ಫೋಟೊ ಎಲ್ಲ ಟ್ರಸ್ಟಿನವರಿಗೆ ಕಳಿಸಿದೆ. ಪಾಪ ಎಂದರು. ಮುಂದಿನ ವರ್ಷ ನೋಡೋಣ ಎಂದರು. ಸಂಬಳ ಬೇಡ, ನಾನೇ ಸುಮ್ಮನೆ ಎಂಟರವರೆಗೆ ಕೂತಿರುತ್ತೇನೆ ಎಂದೆ. ಹೊತ್ತು ಮೀರಿ ತೆರೆದಿಟ್ಟು ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಹೊಣೆ ಎಂದು ಕೇಳಿದರು.

ಮುಂದಿನ ಸೋಮವಾರದಿಂದ ಐದೂವರೆಗೇ ಬಾಗಿಲು ಮುಚ್ಚುವುದೆಂದಾಯಿತು. ಚಿಂತಾಮಣಿಯ ನಮ್ಮ ಮನೆಗೆ ನಾನೀಗ ಬೇಗ ಬರುತ್ತೇನೆಂದು ನನ್ನ ಅತ್ತೆಗೆ ಖುಷಿಯೋ ಖುಷಿ. ಅವರು ಅದನ್ನು ಪಕ್ಕದ ಮನೆಯವರಿಗೆ ಹೇಳುವಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಆ ಸೋಮವಾರ ನಾನು ಬೀಗ ಕೈಯಲ್ಲಿ ಹಿಡಿದಿದ್ದಾಗ ಅವಳು ಬಂದಳು. ಫಿಲೇಚರಿನಲ್ಲಿ ಕೇಳಿಕೊಂಡು ಅರ್ಧ ಗಂಟೆ ಮೊದಲೇ ಹೊರಟು, ಓಡಿ ಬಂದಿದ್ದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲ ಮೇಲಿನ ನೋಟಿಸನ್ನು ಓದಿದಳು. ಪರೀಕ್ಷೆಗೆ ಇನ್ನು ಉಳಿದಿದ್ದದ್ದು ನಾಲ್ಕೇ ತಿಂಗಳು. ಕಾರಣ ಕೇಳಿದರೆ ಹೇಳಬೇಕು ಎಂದು ನಾನು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ನಿನ್ನ ತಪ್ಪಲ್ಲ ಎಂದು ಶುರುಮಾಡಬೇಕೆಂದುಕೊಂಡಿದ್ದೆ. ಹಾಗೆ ಶುರುಮಾಡಿದರೆ ತಪ್ಪು ಯಾರದೆಂದು ಅವಳಿಗೆ ಗೊತ್ತಾಗಿಯೇ ಹೋಗುತ್ತಿತ್ತು.

ಅವಳು ಕಾರಣ ಕೇಳಲಿಲ್ಲ. ಹೊಸ ಕೋಡನ್ನು ನೋಡಿದಳು, ಹೊಸದು ಹಾಕಿದ್ದೀರಾ ಎಂದಳು. ಹಳೆಯದು ಹರಿದುಹೋಯಿತು ಎಂದೆ.

"ನಂದೇ ಏನೋ ಭಕ್ತಿ ಸಾಲ್ದೇ ಹೋಯ್ತೇನೋ ಮೇಡಮ್ಮ," ಎಂದಳು. "ಅವತ್ತು ಅದಕ್ಕೆ ಬೊಟ್ಟಿಟ್ಟು ಒಂದೇ ಕೇಳ್ಕೊಂಡಿದ್ದೆ. ಈ ಬಾಗ್ಲು ಸಾಯಂಕಾಲ ಮುಚ್ಚದಂಗೆ ಕಾಪಾಡು ತಾಯಿ ಅಂತ."

ನನಗೆ ಅಳು ಬಂತು, ಮುಖ ಬಾಗಿಲಿನ ಕಡೆ ತಿರುಗಿಸಿಕೊಂಡೆ. ಆ ಬೊಟ್ಟಿನ ವಿಷಯ ಇವತ್ತಿಗೂ ಅವಳಿಗೆ ಹೇಳಿಲ್ಲ. ಅವಳು ನೋಡುತ್ತಿದ್ದಂತೆಯೇ ಬೀಗ ಹಾಕಿದೆ. ಹೊರಗೆ ಇನ್ನೂ ಬೆಳಕಿತ್ತು.